ಮಗ ಹಾಡು ಕೇಳುತ್ತಾನೆ, ನಾವು ಮಗನನ್ನು ಕೇಳುತ್ತೇವೆಯೇ?

ಹದಿನೈದು ವರ್ಷದ ಹುಡುಗ. ತಲೆನೋವೆಂದು ಅವನ ತಾಯಿ ಎರಡು ತಿಂಗಳಲ್ಲಿ ಮೂರು ಸಲ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಕಣ್ಣಿನ ಪರೀಕ್ಷೆ ಆಯಿತು, ರಕ್ತ ಪರೀಕ್ಷೆಯೂ ಆಯಿತು. ಎಲ್ಲವೂ ಸರಿಯಾಗಿತ್ತು. ಮೂರು ಸಲವೂ ನಾನು ಪ್ರಶ್ನೆ ಕೇಳಿದ್ದು ತಾಯಿಯನ್ನು. ಉತ್ತರ ಕೊಟ್ಟದ್ದೂ ತಾಯಿಯೇ. ಹುಡುಗ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದ.

"ಇಪ್ಪತ್ನಾಲ್ಕು ಗಂಟೆಯೂ ಕಿವಿಗೆ ವಯರು ಸಿಕ್ಕಿಸಿಕೊಂಡಿರ್ತಾನೆ ಡಾಕ್ಟ್ರೇ. ಅದೇ ಕಿರುಚಾಟದ ಇಂಗ್ಲಿಷ್ ಹಾಡು. ತಲೆ ನೋಯದೆ ಇನ್ನೇನಾಗುತ್ತೆ? ನೀವಾದರೂ ಸ್ವಲ್ಪ ಬುದ್ಧಿ ಹೇಳಿ" ಎಂದರು ತಾಯಿ. ನಾನೂ ಬುದ್ಧಿ ಹೇಳಿದೆ. ಹಾಡು ಕಡಿಮೆ ಮಾಡು, ಬೇಗ ಮಲಗು, ಚೆನ್ನಾಗಿ ಓದು ಎಂದೆ. ಪ್ಯಾರಾಸಿಟಮಾಲ್ ಬರೆದುಕೊಟ್ಟೆ. ನನ್ನ ಕೆಲಸ ಮುಗಿಯಿತೆಂದುಕೊಂಡೆ.

ನಾಲ್ಕನೆಯ ಸಲ ಬಂದಾಗ ತಾಯಿಗೆ ಫೋನ್ ಬಂತು. ಅವರು ಹೊರಗೆ ಹೋದರು. ಹುಡುಗನೂ ನಾನೂ ಇಬ್ಬರೇ ಉಳಿದೆವು. ಏನಾದರೂ ಮಾತಾಡಬೇಕಲ್ಲ ಎಂದು "ಏನಪ್ಪಾ ಅದು, ಅಷ್ಟೊಂದು ಕೇಳ್ತೀಯಂತಲ್ಲ?" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಗೇಲಿ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಕಿವಿಯದನ್ನು ತೆಗೆದು ನನ್ನ ಕೈಗೆ ಕೊಟ್ಟ. ನಾನು ಕೇಳಿದೆ. ಪೂರ್ತಿ ಹಾಡು, ಸುಮಾರು ಮೂರೂವರೆ ನಿಮಿಷ. ಆಮೇಲೆ, "ನಿನಗೂ ಹೀಗೇ ಅನ್ನಿಸುತ್ತಾ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ನಂತರ, "ರಾತ್ರಿ ನಿದ್ದೆ ಬರಲ್ಲ ಸಾರ್" ಎಂದ. ನಾಲ್ಕು ಭೇಟಿಗಳಲ್ಲಿ ಅವನು ನನಗೆ ತಾನಾಗಿ ಹೇಳಿದ ಮೊದಲ ಮಾತು ಅದು. ಅದರ ಹಿಂದೆ ಉಳಿದ ಮಾತುಗಳೆಲ್ಲ ಬಂದವು. ತಂದೆಗೆ ವರ್ಗವಾಗಿ ಹೊಸ ಊರು, ಹೊಸ ಶಾಲೆ. ತರಗತಿಯಲ್ಲಿ ಎಲ್ಲರೂ ಸೇರಿ ಆಡಿಕೊಳ್ಳುವುದು. ಮಧ್ಯಾಹ್ನ ಒಬ್ಬನೇ ಕೂತು ಊಟ. ಕೊನೆಗೆ, ಬದುಕಿರುವುದೇ ಬೇಡವೆಂದು ಆಗಾಗ ಅನ್ನಿಸುತ್ತದೆ ಎಂಬುದೂ ಬಂತು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ತಲೆನೋವಿಗೆ ಕಾರಣ ಹಾಡಾಗಿರಲಿಲ್ಲ. ತಲೆನೋವಿನ ಕಾರಣವನ್ನು ನನಗೆ ತೋರಿಸಿದ್ದು ಆ ಹಾಡು. ಅದಕ್ಕೇ ಈ ವಾರ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಯಾವುದು ಆ ಹಾಡು?

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ 1999ರಲ್ಲಿ ಹುಟ್ಟಿಕೊಂಡ ಸಿಂಪಲ್ ಪ್ಲಾನ್ ಎಂಬ ತಂಡದ್ದು ಅದು. ಹೆಸರು 'ವೆಲ್‌ಕಮ್ ಟು ಮೈ ಲೈಫ್', ಅಂದರೆ 'ನನ್ನ ಬದುಕಿಗೆ ಸ್ವಾಗತ'. 2004ರಲ್ಲಿ ಹೊರಬಂತು. ಈ ತಂಡದವರ ಮನೆಮಾತು ಫ್ರೆಂಚ್, ಹಾಡುವುದು ಇಂಗ್ಲಿಷಿನಲ್ಲಿ. ಹಾಡುಗಾರ ಪಿಯರ್ ಬುವಿಯೆ, ಡ್ರಮ್ ಬಾರಿಸುವ ಚಕ್ ಕೊಮೊ ಇಬ್ಬರೂ 1979ರಲ್ಲಿ ಹುಟ್ಟಿದವರು. ಎಂದರೆ ಈ ಹಾಡು ಬಂದಾಗ ಅವರಿಗೆ ಇಪ್ಪತ್ತೈದು ವರ್ಷ. ಹದಿಹರೆಯವನ್ನು ಆಗತಾನೆ ದಾಟಿ ಬಂದು, ಹಿಂತಿರುಗಿ ನೋಡಿ ಬರೆದ ಹಾಡು.

ಈ ಬಗೆಯ ಸಂಗೀತಕ್ಕೆ ಪಾಪ್-ಪಂಕ್ ಎನ್ನುತ್ತಾರೆ. 1970ರ ದಶಕದ ನಡುಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್‌ಗಳಲ್ಲಿ ಪಂಕ್ ಸಂಗೀತ ಶುರುವಾಯಿತು. ಗಿಟಾರಿನ ಮೂರು ನಾಲ್ಕು ಸ್ವರಮೇಳ, ಬಿರುಸಿನ ತಾಳ, ಚಿಕ್ಕ ಹಾಡು. ಪಾಂಡಿತ್ಯ ಬೇಡ, ಸಿಟ್ಟು ಇದ್ದರೆ ಸಾಕು ಎನ್ನುವಂಥದ್ದು. ಅದೇ ಸಿಟ್ಟಿಗೆ ಬಾಯಲ್ಲಿ ಗುನುಗಬಹುದಾದ ರಾಗ ಸೇರಿಸಿದ್ದು 1990ರ ದಶಕದ ಕ್ಯಾಲಿಫೋರ್ನಿಯಾದ ಹುಡುಗರು. 1994ರಲ್ಲಿ ಗ್ರೀನ್ ಡೇ ತಂಡದ 'ಡೂಕಿ' ಎಂಬ ಆಲ್ಬಮ್ ಇದನ್ನು ಜಗತ್ತಿಗೆಲ್ಲ ಹಬ್ಬಿಸಿತು. ಈ ಹಾಡುಗಳ ವಿಷಯ ಬಹುಪಾಲು ಒಂದೇ: ಶಾಲೆ ಬೇಸರ, ಊರು ಬೇಸರ, ಮನೆಯಲ್ಲಿ ಯಾರಿಗೂ ನಾನು ಅರ್ಥವಾಗುವುದಿಲ್ಲ.

ಹಿರಿಯರ ಕಿವಿಗೆ ಇದು ಗದ್ದಲ. ನನ್ನ ಕಿವಿಗೂ ಮೊದಲು ಹಾಗೇ ಕೇಳಿಸಿತು. ಆದರೆ ಮನೆಗೆ ಹೋಗಿ ಮಾತುಗಳನ್ನು ಗಮನಿಸಿ ಕೇಳಿದಾಗ ವೈದ್ಯನಾಗಿ ನನಗೆ ಒಂದು ಸಂಗತಿ ಹೊಳೆಯಿತು. ಹಾಡಿನ ಆರಂಭದಲ್ಲಿ ಹಾಡುಗಾರ ತನ್ನ ಗೋಳು ಹೇಳಿಕೊಳ್ಳುವುದಿಲ್ಲ. ಕೇಳುಗನಿಗೆ ಪ್ರಶ್ನೆ ಹಾಕುತ್ತಾನೆ. ನಿನಗೆ ಎಂದಾದರೂ ಹೀಗನ್ನಿಸಿದೆಯೇ, ಹಾಗನ್ನಿಸಿದೆಯೇ ಎಂದು ಒಂದರ ಹಿಂದೊಂದು ಪ್ರಶ್ನೆ. ಕುಸಿದುಹೋಗುವ ಭಾವ, ಎಲ್ಲಿಯೂ ತನಗೆ ಜಾಗವಿಲ್ಲವೆಂಬ ಭಾವ, ಓಡಿಹೋಗುವ ಆಸೆ, ಎಲ್ಲವೂ ಪ್ರಶ್ನೆಯ ರೂಪದಲ್ಲಿಯೇ ಬರುತ್ತವೆ.

ಖಿನ್ನತೆಯನ್ನು ಗುರುತಿಸಲು ನಾವು ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿತ್ತೇ, ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ, ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಸಾಯುವ ಯೋಚನೆ ಬಂದಿತ್ತೇ ಎಂದು ಕೇಳುತ್ತ ಹೋಗುತ್ತದೆ. ಆ ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಮೂರು ಸಲವೂ ನಾನು ಅದನ್ನು ಹೊರತೆಗೆಯಲಿಲ್ಲ. ಸಾವಿರಾರು ಮೈಲಿ ದೂರದ ಹುಡುಗರು ಕೇಳಿದ ಪ್ರಶ್ನೆಯನ್ನು ಎರಡಡಿ ದೂರದಲ್ಲಿ ಕುಳಿತ ನಾನು ಕೇಳಲಿಲ್ಲ.

ಹಾಡು ಕೆಡಿಸುತ್ತದೆಯೇ?

"ಇಂಥ ಹಾಡು ಕೇಳಿಯೇ ಮಕ್ಕಳು ಕೆಡುವುದು" ಎಂಬ ಮಾತು ಹೊಸದಲ್ಲ. 1985ರಲ್ಲಿ ಅಮೆರಿಕದಲ್ಲಿ ಕೆಲವು ತಾಯಂದಿರು ಸಂಘಟಿತರಾಗಿ ದನಿ ಎತ್ತಿದರು. ಸೆನೆಟ್ ಸಮಿತಿಯ ಮುಂದೆ ವಿಚಾರಣೆಯೇ ನಡೆಯಿತು. ಹಾಡಿನ ಆಲ್ಬಮ್‌ಗಳ ಮೇಲೆ ಪೋಷಕರಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಪದ್ಧತಿ ಬಂದದ್ದು ಅದರ ಫಲವಾಗಿ. ಅದೇ ವರ್ಷ ನೆವಾಡ ರಾಜ್ಯದಲ್ಲಿ ಇಬ್ಬರು ಯುವಕರು ಪ್ರಾಣ ತೆಗೆದುಕೊಳ್ಳಲು ಯತ್ನಿಸಿದರು. ಜ್ಯೂಡಸ್ ಪ್ರೀಸ್ಟ್ ಎಂಬ ಇಂಗ್ಲಿಷ್ ತಂಡದ ಹಾಡಿನಲ್ಲಿ ಅಡಗಿದ್ದ ಸಂದೇಶವೇ ಇದಕ್ಕೆ ಕಾರಣವೆಂದು ಕುಟುಂಬದವರು ದಾವೆ ಹೂಡಿದರು. 1990ರಲ್ಲಿ ರೀನೊ ನಗರದ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, ಹಾಡಿನಿಂದಲೇ ಹೀಗಾಯಿತೆಂಬುದು ಸಾಬೀತಾಗಿಲ್ಲವೆಂದು ನ್ಯಾಯಾಧೀಶರು ತೀರ್ಪು ಕೊಟ್ಟರು. ಆ ಯುವಕರ ಮನೆಯ ಕಷ್ಟಗಳು, ಮದ್ಯ ಮತ್ತು ಮಾದಕ ವಸ್ತುಗಳ ಸೇವನೆ ವಿಚಾರಣೆಯಲ್ಲಿ ಹೊರಬಂದವು. ಹಾಡಿನಲ್ಲಿ ಅಡಗಿದ ಮಾತನ್ನು ಹುಡುಕುವ ಮೊದಲು ಮಕ್ಕಳ ಮನಸ್ಸಿನಲ್ಲಿ ಅಡಗಿದ ಮಾತನ್ನು ಹುಡುಕಬೇಕಿತ್ತು ಎಂದು ಈಗ ಓದುವಾಗ ಅನ್ನಿಸುತ್ತದೆ.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು, ಪಂಕ್‌ಗಿಂತಲೂ ಅಬ್ಬರದ ಮೆಟಲ್ ಸಂಗೀತವನ್ನು ಇಷ್ಟಪಡುವ 18ರಿಂದ 34 ವರ್ಷದ 39 ಜನರನ್ನು ಕರೆದು, ಮೊದಲು ಸಿಟ್ಟು ಬರುವಂಥ ಪ್ರಸಂಗಗಳನ್ನು ನೆನಪಿಸಿಕೊಳ್ಳಲು ಹೇಳಿದರು. ಆಮೇಲೆ ಕೆಲವರು ಹತ್ತು ನಿಮಿಷ ತಮ್ಮ ಇಷ್ಟದ ಹಾಡು ಕೇಳಿದರು, ಕೆಲವರು ಸುಮ್ಮನೆ ಕುಳಿತರು. ಹಾಡು ಕೇಳಿದವರ ಸಿಟ್ಟು ಹೆಚ್ಚಲಿಲ್ಲ; ಬದಲಿಗೆ ಉತ್ಸಾಹ ಮೂಡಿತು. ಭಾಗವಹಿಸಿದವರು ಕೆಲವೇ ಜನ, ವಯಸ್ಕರು. ಇದರಿಂದ ದೊಡ್ಡ ತೀರ್ಮಾನಕ್ಕೆ ಬರುವಂತಿಲ್ಲ. ಆದರೂ ಅಬ್ಬರದ ಹಾಡು ಕೇಳುವವರೆಲ್ಲ ಕೆರಳುತ್ತಾರೆ ಎಂಬ ನಮ್ಮ ಭಯ ಪೂರ್ತಿ ನಿಜವಲ್ಲ ಎಂಬುದನ್ನಂತೂ ಇದು ತೋರಿಸುತ್ತದೆ.

ಹಾಗೆಂದು ಹಾಡಿಗೆ ಪೂರ್ತಿ ಪರವಾನಗಿ ಕೊಡುತ್ತಿಲ್ಲ. ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಒಂದು, ಶಬ್ದ. ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ ಸರಾಸರಿ 75 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಡೆಸಿಬೆಲ್ ಅಳೆಯುವ ಉಪಕರಣ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಫೋನಿನ ಪೂರ್ಣ ಶಬ್ದದ ಅರ್ಧಕ್ಕಿಂತ ತುಸು ಮೇಲಿರಲಿ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬಂದರೆ ವೈದ್ಯರಿಗೆ ತೋರಿಸಿ. ಎರಡು, ಕೇಳಿದ ಮೇಲೆ ಏನಾಗುತ್ತದೆ ಎಂಬುದು. ಹಾಡು ಕೇಳಿ ಹಗುರವಾಗಿ ಎದ್ದು ಬರುವ ಮಗು ಬೇರೆ, ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಇನ್ನೂ ಒಳಕ್ಕೆ ಇಳಿಯುವ ಮಗು ಬೇರೆ. ಖಿನ್ನತೆ ಇರುವವರಲ್ಲಿ ಈ ಎರಡನೆಯದು ಹೆಚ್ಚು. "ಕೇಳಿದ ಮೇಲೆ ಹಗುರಾಗುತ್ತಾ, ಭಾರವಾಗುತ್ತಾ?" ಎಂದು ಮಗುವನ್ನೇ ಕೇಳಿ.

ಮುನಿಸು ಯಾವುದು, ರೋಗ ಯಾವುದು?

ಹದಿಹರೆಯದಲ್ಲಿ ಸಿಡುಕು, ಮೌನ, ಬಾಗಿಲು ಹಾಕಿಕೊಳ್ಳುವುದು ಸಹಜ. ಭಾವನೆಗಳನ್ನು ಹೊಮ್ಮಿಸುವ ಮಿದುಳಿನ ಭಾಗಗಳು ಈ ವಯಸ್ಸಿನಲ್ಲಿ ಚುರುಕಾಗಿರುತ್ತವೆ. ಯೋಚಿಸಿ ತಡೆಯುವ ಮುಂಭಾಗವಾದರೋ ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಬರಬೇಕು. ದೇಹದ ಗಡಿಯಾರವೂ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ. ಇದು ಸೋಮಾರಿತನವಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗಿನ ಜಾವದ ಟ್ಯೂಷನ್ನಿಗೆ ಎಬ್ಬಿಸುವ ಮನೆಗಳಲ್ಲಿ ಅದು ಎಷ್ಟು ಮಕ್ಕಳಿಗೆ ಸಿಗುತ್ತಿದೆ, ನೀವೇ ಲೆಕ್ಕ ಹಾಕಿ.

ಆದರೆ ಸಹಜವೆಂದು ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೆಳಗಿನ ಲಕ್ಷಣಗಳಲ್ಲಿ ಕೆಲವು ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಹೊತ್ತು ಕಾಣಿಸಿದರೆ ವೈದ್ಯರ ಬಳಿ ಹೋಗಿ:

- ಮೊದಲು ಇಷ್ಟವಿದ್ದ ಆಟ, ಗೆಳೆಯರು, ತಿಂಡಿ ಯಾವುದೂ ಬೇಡವೆನ್ನುವುದು.
- ನಿದ್ದೆ ಬಾರದಿರುವುದು, ಇಲ್ಲವೇ ಸದಾ ಮಲಗಿಯೇ ಇರುವುದು.
- ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಮತ್ತೆ ಮತ್ತೆ ಬರುವ ತಲೆನೋವು, ಹೊಟ್ಟೆನೋವು, ಸುಸ್ತು.
- ಅಂಕಗಳು ಒಮ್ಮೆಲೇ ಇಳಿಯುವುದು, ಶಾಲೆಗೆ ಹೋಗಲು ಹಠ.
- ಚಿಕ್ಕ ಮಾತಿಗೂ ರೇಗುವುದು. ಹದಿಹರೆಯದವರಲ್ಲಿ ಖಿನ್ನತೆ ಅಳುವಿನ ಬದಲು ಸಿಟ್ಟಿನ ರೂಪದಲ್ಲಿ ಬರುವುದುಂಟು.
- ತಾನು ಯಾರಿಗೂ ಬೇಡ, ತಾನಿಲ್ಲದಿದ್ದರೇ ಒಳ್ಳೆಯದು ಎಂಬ ಮಾತು. ಇದಕ್ಕೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ.

ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದಲೂ ಸುಸ್ತು, ಮಂಕು ಬರಬಹುದು. ಆದ್ದರಿಂದ ವೈದ್ಯರು ಅವನ್ನೂ ಪರೀಕ್ಷಿಸುತ್ತಾರೆ. ಆದರೆ ವರದಿ ಸರಿಯಿದೆ ಎಂದ ಮಾತ್ರಕ್ಕೆ "ಇವನಿಗೇನೂ ಆಗಿಲ್ಲ, ನಾಟಕ" ಎಂದು ತೀರ್ಮಾನಿಸಬೇಡಿ. ಆ ತಪ್ಪನ್ನು ನಾನು ಮೂರು ಸಲ ಮಾಡಿದ್ದೇನೆ.

ಕೇಳುವುದು ಹೇಗೆ?

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಪದಕ್ಕೆ ಪ್ರಶ್ನೆ ಹಾಕು ಎಂದೂ ಅರ್ಥ, ಕಿವಿಗೊಡು ಎಂದೂ ಅರ್ಥ. ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಬೇರೆ ಪದಗಳು. ಹದಿಹರೆಯದವರ ವಿಷಯದಲ್ಲಿ ನಮ್ಮ ಭಾಷೆಯೇ ಸರಿ: ಎರಡೂ ಒಂದೇ ಕೆಲಸ. ಪ್ರಶ್ನೆ ಹಾಕಿ ಉತ್ತರಕ್ಕೆ ಕಿವಿಗೊಡದಿದ್ದರೆ ಅದು ಪೊಲೀಸ್ ವಿಚಾರಣೆಯಾಗುತ್ತದೆ. ಏನೂ ಕೇಳದೆ ಮಗುವೇ ಬಂದು ಹೇಳಲಿ ಎಂದು ಕಾದರೆ ಅದು ಹೇಳುವುದೇ ಇಲ್ಲ.

1988ರಲ್ಲಿ ಗೋಲ್ಡನ್‌ರಿಂಗ್ ಮತ್ತು ಕೋಹೆನ್ ಎಂಬ ಇಬ್ಬರು ಅಮೆರಿಕನ್ ವೈದ್ಯರು ಹದಿಹರೆಯದವರನ್ನು ಮಾತನಾಡಿಸುವ ಒಂದು ಕ್ರಮವನ್ನು ಪ್ರಕಟಿಸಿದರು. ಅದನ್ನು ಇಂದಿಗೂ ವೈದ್ಯರು ಬಳಸುತ್ತಾರೆ. ಮೊದಲು ಮನೆ, ಆಮೇಲೆ ಶಾಲೆ, ಆಮೇಲೆ ಆಟ-ಹವ್ಯಾಸ-ಗೆಳೆಯರು, ನಂತರ ಸಿಗರೇಟು-ಮದ್ಯ-ಮಾದಕ ವಸ್ತು, ನಂತರ ಪ್ರೇಮ ಮತ್ತು ಲೈಂಗಿಕ ವಿಷಯ, ಕೊನೆಗೆ ಸಾವಿನ ಯೋಚನೆ. ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗುವುದು ಇದರ ಗುಟ್ಟು. ವೈದ್ಯರು ಇದನ್ನು ಪೋಷಕರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಕೇಳಬೇಕು. "ನನ್ನ ಮಗ, ನನ್ನ ಮುಂದೆಯೇ ಕೇಳಿ" ಎಂದು ದಯವಿಟ್ಟು ಹಠ ಮಾಡಬೇಡಿ. ಮಗುವಿನ ಜೀವಕ್ಕೆ ಅಪಾಯವೆನಿಸುವ ಸಂಗತಿಯನ್ನು ವೈದ್ಯರು ನಿಮ್ಮಿಂದ ಮುಚ್ಚಿಡುವುದಿಲ್ಲ.

ಮನೆಯಲ್ಲಿ ನೀವು ಇಷ್ಟೆಲ್ಲ ಕ್ರಮ ಪಾಲಿಸಬೇಕಿಲ್ಲ. ಹಾಡಿನಿಂದಲೇ ಶುರು ಮಾಡಿ. "ಇದೇನಿದು ಗಲಾಟೆ" ಎನ್ನುವ ಬದಲು "ನಂಗೂ ಒಂದ್ಸಲ ಹಾಕು" ಎನ್ನಿ. ಪೂರ್ತಿ ಕೇಳಿ. ನಡುವೆ ಮೂಗು ಮುರಿಯಬೇಡಿ. "ನಮ್ಮ ಕಾಲದ ಹಾಡು ಎಂಥ ಚೆನ್ನಾಗಿತ್ತು" ಎನ್ನಬೇಡಿ. ನಿಮಗೆ ಹಿಡಿಸದಿದ್ದರೆ ಹಿಡಿಸಿತೆಂದು ಸುಳ್ಳು ಹೇಳಬೇಕಾಗಿಯೂ ಇಲ್ಲ. ಮಕ್ಕಳಿಗೆ ಸುಳ್ಳು ತಕ್ಷಣ ಗೊತ್ತಾಗುತ್ತದೆ. "ಇದರಲ್ಲಿ ನಿಂಗೆ ಯಾವ ಮಾತು ಇಷ್ಟ?" ಎಂದಷ್ಟೇ ಕೇಳಿ. ಉತ್ತರ ಬಾರದಿದ್ದರೆ ಅಲ್ಲಿಗೇ ಬಿಡಿ. ಬಾಗಿಲು ಒಂದೇ ದಿನಕ್ಕೆ ತೆರೆಯುವುದಿಲ್ಲ. ಎದುರುಬದುರು ಕೂರಿಸಿಕೊಂಡು ಕೇಳುವುದಕ್ಕಿಂತ ಸ್ಕೂಟರಿನಲ್ಲಿ ಹೋಗುವಾಗ, ಅವರೆಕಾಳು ಸುಲಿಯುವಾಗ ಕೇಳಿದರೆ ಮಾತು ಸುಲಭವಾಗಿ ಬರುತ್ತದೆ.

ಉತ್ತರ ಬಂದಾಗ ನಾವು ಹಿರಿಯರು ತಪ್ಪದೆ ಆಡುವ ಮಾತೊಂದಿದೆ: "ಉಣ್ಣೋಕೆ, ಉಡೋಕೆ ಎಲ್ಲಾ ಇದೆ, ನಿನಗೇನು ಕಷ್ಟ?" ಈ ಮಾತಿನಲ್ಲಿ ಕೆಟ್ಟ ಉದ್ದೇಶವಿಲ್ಲ. ನಾವು ಪಟ್ಟ ಕಷ್ಟ ಮಕ್ಕಳಿಗೆ ಬರಬಾರದೆಂದು ದುಡಿದವರು ನಾವು. ಆದರೆ ಆ ಹಾಡಿನ ದೂರೇ ಇದು: ಎಲ್ಲ ಸರಿಯಿದೆಯಲ್ಲ ಎಂದುಕೊಳ್ಳುವವರಿಗೆ ನನ್ನೊಳಗಿನದು ಗೊತ್ತಾಗುವುದಿಲ್ಲ ಎಂಬುದು. ನಾವು ಹಾಗೆಂದ ಕೂಡಲೇ ಹಾಡುಗಾರ ಹೇಳಿದ್ದು ನಿಜವಾಗಿಬಿಡುತ್ತದೆ. ಮಗು ಮತ್ತೆ ಕಿವಿಗೆ ವಯರು ಸಿಕ್ಕಿಸಿಕೊಳ್ಳುತ್ತದೆ. "ಹೌದಾ, ಯಾವಾಗಿಂದ ಹೀಗೆ?" ಎಂದು ಕೇಳಿ ನೋಡಿ. ಅದು ವೈದ್ಯರು ಯಾವ ನೋವಿಗಾದರೂ ಕೇಳುವ ಮೊದಲ ಪ್ರಶ್ನೆ. ಮನಸ್ಸಿನ ನೋವಿಗೂ ಅದೇ ಸಾಕು.

ಸಾವಿನ ಯೋಚನೆ ಬಂದಿದೆಯೇ ಎಂದು ಕೇಳಲು ಎಲ್ಲರಿಗೂ ಹೆದರಿಕೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲವೇ ಎನ್ನುತ್ತೀರಿ. ಇಲ್ಲ. ನೇರವಾಗಿ, ಪ್ರೀತಿಯಿಂದ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಒಳಗೇ ಇಟ್ಟುಕೊಂಡು ಒದ್ದಾಡುತ್ತಿರುವ ಮಗುವಿಗೆ ಅದು ಬಿಡುಗಡೆ. 15ರಿಂದ 29 ವರ್ಷದವರ ಸಾವಿನ ಕಾರಣಗಳಲ್ಲಿ ಆತ್ಮಹತ್ಯೆ ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿರುವಾಗ, ಕೇಳಲು ನಾಚುವುದು ನಮಗೆ ದುಬಾರಿಯಾಗುತ್ತದೆ. ಉತ್ತರ 'ಹೌದು' ಎಂದಾದರೆ ಬೈಯಬೇಡಿ, ಅಳಬೇಡಿ, ಆಣೆ-ಪ್ರಮಾಣ ಮಾಡಿಸಬೇಡಿ. ಒಬ್ಬನನ್ನೇ ಬಿಡಬೇಡಿ. ಮಾತ್ರೆಗಳನ್ನು, ಹೊಲ-ತೋಟಕ್ಕೆ ತಂದ ಕೀಟನಾಶಕವನ್ನು ಬೀಗ ಹಾಕಿ ಇಡಿ. ಅಂದೇ ವೈದ್ಯರಲ್ಲಿಗೆ ಕರೆತನ್ನಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲು-ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮಗು ಮಾತನಾಡದಿದ್ದರೆ ನೀವೇ ಮಾತನಾಡಿ ಸಲಹೆ ಪಡೆಯಬಹುದು.

ಹಾಡಿನ ಮಿತಿ

ಹಾಡಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಅದು ಒಳ್ಳೆಯ ಪ್ರಶ್ನೆ ಕೇಳುತ್ತದೆ. ಯಾರಿಗೂ ನಾನು ಬೇಡವೆಂದುಕೊಂಡ ಮಗುವಿಗೆ, ನಿನ್ನಂಥವರು ಇನ್ನೂ ಇದ್ದಾರೆ ಎಂದು ಹೇಳುತ್ತದೆ. ಅದೇನೂ ಸಣ್ಣ ಉಪಕಾರವಲ್ಲ. ಆದರೆ ಹಾಡಿಗೆ ಉತ್ತರ ಕೇಳಿಸುವುದಿಲ್ಲ. ಮಗು ಕೋಣೆಯಲ್ಲಿ "ಹೌದು, ನನಗೂ ಹೀಗೇ ಆಗುತ್ತದೆ" ಎಂದರೆ ಮಾಂಟ್ರಿಯಲ್ಲಿನವರು ಎದ್ದು ಬರಲಾರರು. ಆ ಉತ್ತರ ಕೇಳಿಸಿಕೊಳ್ಳುವವರು ಅದೇ ಮನೆಯಲ್ಲಿರಬೇಕು, ಅದೇ ಶಾಲೆಯಲ್ಲಿರಬೇಕು, ನನ್ನಂಥವನ ಕ್ಲಿನಿಕ್ಕಿನಲ್ಲಿರಬೇಕು.

ಇದೇ ತಂಡದ 2002ರ ಇನ್ನೊಂದು ಹಾಡಿದೆ, 'ಐ ಆ್ಯಮ್ ಜಸ್ಟ್ ಎ ಕಿಡ್'. ಅದೂ ಒಂಟಿತನದ ದೂರೇ. 2020ರಲ್ಲಿ, ಕೊರೊನಾದಿಂದ ಜಗತ್ತೆಲ್ಲ ಮನೆಯೊಳಗೆ ಕುಳಿತಿದ್ದಾಗ, ಬೇರೆ ಬೇರೆ ದೇಶಗಳ ಬೆಳೆದ ಮಕ್ಕಳು ಆ ಹಾಡು ಹಾಕಿಕೊಂಡು, ಅಪ್ಪ-ಅಮ್ಮ, ಅಣ್ಣ-ತಂಗಿಯರನ್ನು ಸೇರಿಸಿಕೊಂಡು, ತಮ್ಮ ಬಾಲ್ಯದ ಹಳೆಯ ಫೋಟೊಗಳಲ್ಲಿದ್ದಂತೆಯೇ ನಿಂತು ವಿಡಿಯೊ ಮಾಡಿದರು. ಅಪ್ಪನ ತೊಡೆಯ ಮೇಲೆ ಮೀಸೆ ಬಂದ ಮಗ! ಹದಿನೆಂಟು ವರ್ಷ ಹಿಂದೆ ಬಾಗಿಲು ಹಾಕಿಕೊಂಡು ಕೇಳಿದ ಹಾಡನ್ನು ಮನೆಮಂದಿಯೆಲ್ಲ ಸೇರಿ ಕೇಳುವ ಕಾಲವೂ ಬಂತು. ಹದಿಹರೆಯ ದಾಟಿಹೋಗುತ್ತದೆ. ಅಲ್ಲಿಯವರೆಗೆ ಮಗುವನ್ನು ಕೈಬಿಡದೆ ದಾಟಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ನನ್ನ ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅಂದೇ ತಂದೆ-ತಾಯಿ ಇಬ್ಬರನ್ನೂ ಕರೆಸಿ ಮಾತನಾಡಿದೆ. ಮನೋವೈದ್ಯರಲ್ಲಿಗೆ ಕಳುಹಿಸಿದೆ. ಶಾಲೆಯ ಮೇಷ್ಟರೊಬ್ಬರು ಮುತುವರ್ಜಿ ವಹಿಸಿದರು. ಕೆಲವು ತಿಂಗಳು ಹಿಡಿಯಿತು. ಈಗ ತಲೆನೋವಿಗೆ ಅವನು ಬರುವುದಿಲ್ಲ. ಕಳೆದ ಬಾರಿ ಜ್ವರವೆಂದು ಬಂದಿದ್ದ, ಕಿವಿಯಲ್ಲಿ ಅದೇ ವಯರು.

"ಈಗಲೂ ಅದೇ ಕಿರುಚಾಟ ಡಾಕ್ಟ್ರೇ" ಎಂದರು ತಾಯಿ. ಆಮೇಲೆ ಸ್ವಲ್ಪ ನಕ್ಕು, "ನಂಗೂ ಈಗ ಅರ್ಧ ಬಾಯಿಪಾಠ ಆಗಿದೆ" ಎಂದರು.